ಗ್ಯಾದರಿಂಗಿನಲ್ಲಿ ಹಾಡಿದ ಹಾಡು



ಶಾಲೆಯ ನೆನಪು ಹೇಳು ಅಂದಾಗ ನನಗೆ ಮೊದಲು ನೆನಪಾದದ್ದು ಪಾಠವಲ್ಲ, ಒಂದು ಸಿನಿಮಾ ಹಾಡು. ಗುರುಗಳು ಕ್ಷಮಿಸಬೇಕು. ಹತ್ತನೇ ತರಗತಿಯಲ್ಲಿದ್ದಾಗ ಗ್ಯಾದರಿಂಗಿನಲ್ಲಿ ನಾನೂ ನನ್ನ ಗೆಳೆಯನೂ 'ಬಬ್ರುವಾಹನ' ಚಿತ್ರದ ಹಾಡು ಹಾಡಿದೆವು. ಅಪ್ಪ-ಮಗ ರಣರಂಗದಲ್ಲಿ ಎದುರುಬದುರು ನಿಂತು ಹಾಡುವುದು, ನಿಮಗೆಲ್ಲ ಗೊತ್ತು. 1977ರ ಚಿತ್ರ, ಟಿ.ಜಿ. ಲಿಂಗಪ್ಪನವರ ಸಂಗೀತ. ಅರ್ಜುನನೂ ರಾಜಕುಮಾರ್, ಬಬ್ರುವಾಹನನೂ ರಾಜಕುಮಾರ್.

ನನ್ನದು ಮಗನ ಪಾತ್ರ. ತಲೆಗೆ ಬೇಗಡೆ ಹಚ್ಚಿದ ರಟ್ಟಿನ ಕಿರೀಟ. ಚುಚ್ಚುವ ಮಾತೆಲ್ಲ ಮಗನದೇ ಆದ್ದರಿಂದ ನನಗೆ ಖುಷಿಯೋ ಖುಷಿ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದ್ದು, ಧರ್ಮರಾಯನ ಮಾತಿನಿಂದ ದ್ರೋಣನನ್ನು ಮುಗಿಸಿದ್ದು, ಕರ್ಣನನ್ನು ಕಪಟದಿಂದ ಕೊಂದದ್ದು, ಒಂದೊಂದನ್ನೂ ಅಪ್ಪನ ಮುಖಕ್ಕೇ ಹೇಳಿದೆ. ಶಿಳ್ಳೆ ಬಿತ್ತು.

ಸಭೆಯಲ್ಲಿ ನನ್ನ ಸೋದರಮಾವ ಇದ್ದರು. ಬೆಳಗಾವಿಯಲ್ಲಿ ಸೈನ್ಯಕ್ಕೆ ಭರ್ತಿಯಾದವರು. 1987ರಲ್ಲಿ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾಕ್ಕೆ ಹೋಗಿದ್ದರು. ಶಾಂತಿ ಕಾಯಲು ಹೋದ ಆ ಪಡೆಯ ಸಾವಿರಕ್ಕೂ ಹೆಚ್ಚು ಯೋಧರು ಅಲ್ಲಿ ಸತ್ತರು. 1990ರಲ್ಲಿ ಉಳಿದವರು ಮರಳಿದರು. ಮಾವ ಅದರ ಮಾತು ಎಂದೂ ಆಡಿದವರಲ್ಲ.

ಅವತ್ತು ರಾತ್ರಿ ಮನೆಗೆ ನಡೆದು ಹೋಗುವಾಗ ಅಂದರು: "ಹಾಡು ಛಲೋ ಹಾಡಿದಿ ತಮ್ಮಾ. ಆದ್ರ ಅರ್ಜುನಗ ಉತ್ರಾ ಇರಲಿಲ್ಲ ನೋಡು. ಬರೇ ಸಿಟ್ಟ ಮಾಡಿದ."

ನಾನು ಸುಮ್ಮನಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವರೇ ಮುಂದುವರಿಸಿದರು: "ಒಂದ ರಾತ್ರಿ ಪಾಳೇದಾಗ ಇದ್ದೆ. ಕಂಟ್ಯಾಗ ಏನೋ ಸರಿದಾಡಿತು. ಹೊಡದೆ. ಮುಂಜಾನೆ ನೋಡಿದ್ರ ಒಂದ ಚಪ್ಪಲಿ ಬಿದ್ದಿತ್ತು. ಸಣ್ಣ ಅಳತೀದು. ಬ್ಯಾರೆ ಏನೂ ಇರಲಿಲ್ಲ. ಓಡಿ ಹೋದನೋ, ಎತ್ತಿಕೊಂಡು ಹೋದರೋ."

ಮುಂದೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಲಕ್ಷ್ಮೀಶನ ಜೈಮಿನಿ ಭಾರತವನ್ನು ನಾನು ಪೂರ್ತಿ ಓದಿದ್ದು ಕೆಲಸಕ್ಕೆ ಸೇರಿದ ಮೇಲೆ. ಅರ್ಜುನನ ತಲೆ ಬೀಳುವುದರ ಹಿಂದೆ ಗಂಗೆಯ ಶಾಪವಿದೆ. ಅವಳಿಗೆ ಭೀಷ್ಮ ಮಗ. ಕುರುಕ್ಷೇತ್ರ ಗೆದ್ದು, ಅಶ್ವಮೇಧದ ಕುದುರೆ ಬಿಟ್ಟ ಮೇಲೂ ಆ ಲೆಕ್ಕ ಮುಗಿದಿರಲಿಲ್ಲ. ಸೋತವನನ್ನು ಕಥೆ ಬದುಕಿಸುತ್ತದೆ, ನಿಜ. ಆದರೆ ಸಂಜೀವಕ ಮಣಿ ಸಿಕ್ಕಿದ್ದು ಅರ್ಜುನನಿಗೆ. ಆ ಚಪ್ಪಲಿಯ ಹುಡುಗ ಏನಾದನೋ ಎಂದು ನಾನೂ ಈಗ ಯೋಚಿಸುತ್ತೇನೆ. ಮಾವನಿಗಂತೂ ಇಷ್ಟು ವರ್ಷ ಅದೇ ಯೋಚನೆ ಇದ್ದಿರಬೇಕು.

ಇವತ್ತು ಸಂಜೆ ಮಕ್ಕಳು ಅದೇ ಹಾಡು ಹಾಡುತ್ತಾರಂತೆ. ಮೊನ್ನೆ ಫೋನಿನಲ್ಲಿ ಮಾವನಿಗೆ ಹೇಳಿದೆ, ಬೇಸರವಾದರೆ ಬರಬೇಡಿ ಅಂತ. "ಬರ್ತೀನಿ. ಅರ್ಜುನನ ಪಾತ್ರ ಮಾಡೋ ಹುಡುಗನ್ನ ನೋಡಬೇಕು," ಅಂದರು. ಅಗೋ, ನಾಲ್ಕನೇ ಸಾಲಿನಲ್ಲಿ ಕುಳಿತಿದ್ದಾರೆ.