ಮತ ಬದಲಿಸಿದವನ ಮನಸ್ಸಿನ ಅಳುಕು

ಕೆಲವು ವರ್ಷಗಳ ಹಿಂದೆ ಮಹಾಲಯ ಅಮಾವಾಸ್ಯೆಯ ಸಂಜೆ ಶಿರಸಿಯ ಪೇಟೆಯಲ್ಲಿ ನನ್ನ ಹಳೆಯ ಗೆಳೆಯರೊಬ್ಬರು ಸಿಕ್ಕಿದರು. ಸಿದ್ದಾಪುರದ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರು ಅವರು. ಬಹಳ ಓದಿ, ಬಹಳ ಯೋಚಿಸಿ, ನಡುಹರೆಯದಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿದವರು. ಮಾತಿನ ನಡುವೆ ಅವರು ಇದ್ದಕ್ಕಿದ್ದಂತೆ ಹೇಳಿದರು: "ಈ ಹೊತ್ತು ತಮ್ಮ ಅಪ್ಪನ ಹೆಸರಿನಲ್ಲಿ ಪಿಂಡ ಇಟ್ಟಿರುತ್ತಾನೆ. ಹಿರಿಯ ಮಗ ನಾನು, ಇಲ್ಲಿ ಪೇಟೆಯಲ್ಲಿ ತಿರುಗುತ್ತಿದ್ದೇನೆ. ನಾನು ನಂಬಿದ್ದರಲ್ಲಿ ನನಗೆ ಸಂಶಯವಿಲ್ಲ. ಆದರೂ ಈ ದಿನ ಬಂತೆಂದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇದಕ್ಕೇನು ಮಾಡಲಿ, ಹೇಳು."

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ತೋಚಿದ್ದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಮತಾಂತರ ಸರಿಯೋ ತಪ್ಪೋ ಎಂಬುದು ಈ ಭಾಷಣದ ವಿಷಯವಲ್ಲ. ಅದರ ಬಗ್ಗೆ ವಾದಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಆದರೆ ಸಂವಿಧಾನ ಕೊಟ್ಟ ಸ್ವಾತಂತ್ರ್ಯ ಒಂದು. ರಾತ್ರಿ ನಿದ್ದೆ ಬಾರದೆ ಹೊರಳುವ ಮನಸ್ಸಿನ ಮಾತು ಇನ್ನೊಂದು. ನಾನು ಹೇಳಹೊರಟಿರುವುದು ಈ ಎರಡನೆಯದರ ಬಗ್ಗೆ.

ನಮ್ಮ ಸೀಮೆಗೆ ಮತಗಳು ಹೊಸವಲ್ಲ. ಶಿರಸಿ ತಾಲ್ಲೂಕಿನ ಸೋಂದೆಯ ಆಸುಪಾಸಿನಲ್ಲೇ ವಾದಿರಾಜರ ಮಠವುಂಟು, ಸ್ವರ್ಣವಲ್ಲಿಯ ಮಠವುಂಟು, ಜೈನರ ಮಠವೂ ಉಂಟು. ಬೇರೆ ಬೇರೆ ದಾರಿಯಲ್ಲಿ ನಡೆದವರು ಒಂದೇ ಕಾಡಿನ ನೆರಳಿನಲ್ಲಿ ಬಾಳಿದ್ದಾರೆ. ಆದರೆ ಒಂದೇ ಮನೆಯಲ್ಲಿ ಹುಟ್ಟಿದವನೊಬ್ಬ ದಾರಿ ಬದಲಿಸಿದಾಗ ಆ ನೆರಳು ಸಾಲುವುದಿಲ್ಲ. ಆಗ ಹುಟ್ಟುವುದೇ ಈ ಅಳುಕು.

ಗೆಳೆಯರ ಮಾತನ್ನು ಬಿಡಿಸಿ ನೋಡುತ್ತ ಹೋದಂತೆ ನನಗೆ ಒಂದು ವಿಷಯ ಹೊಳೆಯಿತು. ಈ ಅಳುಕು ಒಂದೇ ಎಳೆಯದಲ್ಲ. ಮೂರು ಎಳೆಗಳು ಸೇರಿ ಹೊಸೆದ ಹಗ್ಗ. ಒಂದು ಭಯ, ಇನ್ನೊಂದು ಋಣ, ಮೂರನೆಯದು ನಿಜವಾದ ತಪ್ಪು. ಮೂರನ್ನೂ ಒಟ್ಟಿಗೆ ಎಳೆದರೆ ಹಗ್ಗ ಹರಿಯುವುದಿಲ್ಲ, ಕೈ ನೋಯುತ್ತದೆ. ಒಂದೊಂದನ್ನೇ ಬೇರ್ಪಡಿಸಬೇಕು.

ಮೊದಲು ಭಯವನ್ನು ನೋಡೋಣ. ಬಿಟ್ಟ ದೇವರು ಮುನಿದಾನು, ಒಪ್ಪಿಸದ ಹರಕೆ ಮಕ್ಕಳನ್ನು ಕಾಡೀತು ಎಂಬ ಅಂಜಿಕೆ. ಮಗುವಿಗೆ ಜ್ವರ ಬಂದರೆ, ತೋಟಕ್ಕೆ ಕೊಳೆರೋಗ ತಗಲಿದರೆ, ಮನಸ್ಸು ಒಡನೆ ಅತ್ತ ಓಡುತ್ತದೆ. ಶಿರಸಿಯ ಮಾರಿಕಾಂಬೆಯ ಜಾತ್ರೆಯನ್ನು ನೆನೆಯಿರಿ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ಹಿಂದೆ ಕೋಣನ ಬಲಿ ಇತ್ತು. ಗಾಂಧೀಜಿ ಶಿರಸಿಗೆ ಬಂದದ್ದು 1934ರಲ್ಲಿ. ಆ ದಶಕದಲ್ಲಿ ಬಲಿ ನಿಂತಿತು. ತಲೆಮಾರುಗಳಿಂದ ಬಂದ ಪದ್ಧತಿ ತಪ್ಪಿದರೆ ಏನಾದೀತೋ ಎಂದು ಅಂಜಿದವರು ಅಂದು ಇದ್ದಿರಲೇಬೇಕು. ಆದರೂ ಊರು ಉಳಿಯಿತು, ಜಾತ್ರೆಯೂ ಉಳಿಯಿತು, ಜನರ ಭಕ್ತಿಯೂ ಕುಂದಲಿಲ್ಲ. ಇದು ಮತಾಂತರದ ಕಥೆಯಲ್ಲ, ಒಂದೇ ಭಕ್ತಿಯ ಒಳಗೆ ಆದ ಬದಲಾವಣೆ. ಆದರೆ ದೇವರನ್ನು ಸೇಡಿನ ಸಾಹುಕಾರನಂತೆ ಕಾಣಬೇಕಾಗಿಲ್ಲ ಎಂಬುದನ್ನು ಅದು ನಮ್ಮ ಪೇಟೆಯ ನಡುವೆಯೇ ತೋರಿಸಿಕೊಟ್ಟಿದೆ.

ಭಯ ಹೋಗಬೇಕೆಂದು ಕೆಲವರು ಹಳೆಯ ದೇವರನ್ನು ಬೈಯತೊಡಗುತ್ತಾರೆ. ಕತ್ತಲೆಯಲ್ಲಿ ನಡೆಯುವವನು ಗಟ್ಟಿಯಾಗಿ ಹಾಡಿಕೊಂಡ ಹಾಗೆ ಅದು. ಅಂಜಿಕೆ ಇನ್ನೂ ಒಳಗಿದೆ ಎಂಬುದರ ಗುರುತು. ಹೊಯ್ಸಳ ವಿಷ್ಣುವರ್ಧನ ಜೈನನಾಗಿದ್ದು ಆಮೇಲೆ ಶ್ರೀವೈಷ್ಣವನಾದ ಎಂಬ ಪ್ರತೀತಿ ನಮಗೆಲ್ಲ ಗೊತ್ತು. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. 1133ರಲ್ಲಿ, ಇಂದು ಹಳೇಬೀಡು ಎನ್ನುವ ದೋರಸಮುದ್ರದಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗಾಗಿ ಪಾರ್ಶ್ವನಾಥನ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಹೊತ್ತು ಅರ್ಚಕರು ಅರಸನಿದ್ದ ಬಂಕಾಪುರಕ್ಕೆ ಹೋದರು. ಶಿರಸಿಯಿಂದ ಮೂಡಣಕ್ಕೆ ಹೋದರೆ ಬಯಲುಸೀಮೆಯಲ್ಲಿ ಸಿಗುವ ಬಂಕಾಪುರವೇ ಅದು. ಯುದ್ಧದಲ್ಲಿ ಗೆಲುವು ದೊರೆತ, ಮಗ ಹುಟ್ಟಿದ ಸಮಯ. ವಿಷ್ಣುವರ್ಧನ ಆ ಪ್ರಸಾದವನ್ನು ಗೌರವದಿಂದ ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಹೊಸ ದೇವರಿಗೆ ನಡೆದುಕೊಳ್ಳುವವನು ಹಳೆಯ ದೇವರಿಗೆ ಕೈಮುಗಿಯಲಾರದೆ ಹೋದರೂ ಗೌರವ ತೋರಬಹುದು. ಗೌರವವಿರುವ ಕಡೆ ಭಯ ಬಹಳ ದಿನ ನಿಲ್ಲಲಾರದು.

ಎರಡನೆಯದು ಋಣ. ಇದು ದೇವರಿಗಿಂತ ಮನುಷ್ಯರಿಗೆ ಸಂಬಂಧಿಸಿದ್ದು. ಹೆತ್ತವರು, ಅವರನ್ನು ಹೆತ್ತವರು, ಕಾಡು ಕಡಿದು ತೋಟ ಮಾಡಿದವರು, ಅವರನ್ನೆಲ್ಲ ನಡುದಾರಿಯಲ್ಲಿ ಬಿಟ್ಟುಬಂದೆನಲ್ಲ ಎಂಬ ಸಂಕಟ. ನನ್ನ ಗೆಳೆಯರ ಗಂಟಲು ಹಿಡಿದದ್ದು ಇದೇ.

ಈ ಸಂಕಟಕ್ಕೆ ಒಂದು ದಾರಿಯನ್ನು ನಮ್ಮ ಯಲ್ಲಾಪುರದ ಕಾಡಿನ ಜನ ಕಂಡುಕೊಂಡಿದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡ, ಶಿರಸಿ ತಾಲ್ಲೂಕುಗಳಲ್ಲಿ ವಾಸಿಸುವ ಸಿದ್ದಿಯರನ್ನು ನೀವು ಬಲ್ಲಿರಿ. ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಆಫ್ರಿಕೆಯಿಂದ ಹಡಗಿನಲ್ಲಿ ತಂದು ಗುಲಾಮರನ್ನಾಗಿ ಮಾರಿದವರ ಸಂತತಿ ಅವರು. ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅನೇಕರು. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಈ ಜನರಲ್ಲಿ ಹಿಂದೂಗಳುಂಟು, ಕ್ರೈಸ್ತರುಂಟು, ಮುಸಲ್ಮಾನರುಂಟು. ಅವರ ಅಜ್ಜಂದಿರಲ್ಲಿ ಎಷ್ಟೋ ಜನಕ್ಕೆ ಮತವನ್ನು ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಕೊಂಡ ಧಣಿಯ ಮತವೇ ಆಳಿನ ಮತವಾಯಿತು.

ಹೀಗೆ ಮೂರು ದಾರಿಯಾದರೂ ಅವರು ಒಂದನ್ನು ಕೈಬಿಟ್ಟಿಲ್ಲ. ಅದು ಹಿರಿಯರ ಪೂಜೆ. ತೀರಿಹೋದ ಹಿರಿಯರನ್ನು ಮನೆಯಲ್ಲಿ ನೆನೆದು, ಅವರಿಗೆ ಎಡೆ ಇಟ್ಟು, ಬಂಧುಬಳಗ ಕೂಡಿ ಉಣ್ಣುವುದು. ಯಲ್ಲಾಪುರದ ಕಡೆಯ ಕಾಡಿನಲ್ಲಿ ಸಿದ್ದಿನಾಸ ಎಂಬ ದೈವದ ನೆಲೆಯುಂಟು; ಅಲ್ಲಿಗೆ ಮೂರು ಮತದ ಸಿದ್ದಿಯರೂ ಬರುತ್ತಾರೆ. ದೇವರ ವಿಷಯದಲ್ಲಿ ಬೇರೆಯಾದವರು ಹಿರಿಯರ ವಿಷಯದಲ್ಲಿ ಒಂದಾಗಿ ಉಳಿದಿದ್ದಾರೆ. ಎಲ್ಲ ಮತಗಳೂ ಎಡೆ ಇಡುವುದನ್ನು ಒಪ್ಪಲಾರವು, ನಿಜ. ನನ್ನ ಗೆಳೆಯರು ಪಿಂಡ ಇಡಲಾರರು; ನಂಬಿಕೆಯಿಲ್ಲದೆ ಇಟ್ಟರೆ ಅದು ಅಪ್ಪನಿಗೂ ಮೋಸ, ತಮಗೂ ಮೋಸ. ಆದರೆ ಹಿರಿಯರನ್ನು ನೆನೆಯಲು ಅವರವರ ಮತದಲ್ಲೇ ದಾರಿಗಳುಂಟು. ಕ್ರೈಸ್ತರು ಸತ್ತವರಿಗಾಗಿ ಪ್ರಾರ್ಥಿಸುವ ದಿನ ನವೆಂಬರ್ 2. ಸತ್ತವರ ಹೆಸರಿನಲ್ಲಿ ಬಡವರಿಗೆ ದಾನ ಮಾಡುವ ಪದ್ಧತಿ ಮುಸಲ್ಮಾನರಲ್ಲೂ ಉಂಟು, ಬೌದ್ಧರಲ್ಲೂ ಉಂಟು. ಬದುಕಿರುವ ತಾಯಿತಂದೆಯರ ಋಣಕ್ಕಂತೂ ಮತದ ಗೋಡೆಯೇ ಇಲ್ಲ. ಹೆತ್ತವರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆ ಎಲ್ಲ ಮತದ ಮಕ್ಕಳಿಗೂ ಒಂದೇ. ಕಾಯಿದೆ ಬರುವ ಮೊದಲೂ ಅದು ಹಾಗೆಯೇ ಇತ್ತು.

ಎಲ್ಲರಿಗೂ ಈ ಸಂಕಟ ಬರಲೇಬೇಕೆಂದಿಲ್ಲ ಎಂಬುದನ್ನೂ ಹೇಳಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾಕ್ಟರ್ ಅಂಬೇಡ್ಕರರೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದ ಲಕ್ಷಾಂತರ ಜನರಿಗೆ ಅದು ಅವಮಾನದಿಂದ ಬಿಡುಗಡೆಯ ದಿನ. ಬಾಗಿಲ ಹೊರಗೇ ನಿಲ್ಲಿಸಿದ ಮನೆಯನ್ನು ಬಿಟ್ಟು ಹೋದವನಿಗೆ "ನಿನಗೆ ಅಳುಕಿಲ್ಲವೇ?" ಎಂದು ಕೇಳುವ ಹಕ್ಕು ಆ ಮನೆಯವರಿಗಿಲ್ಲ. ಅಳುಕು ಇದ್ದರೆ ಅದು ನಿಲ್ಲಿಸಿದವರಿಗೆ ಇರಬೇಕಾದದ್ದು.

ಇನ್ನು ಮೂರನೆಯ ಎಳೆ, ನಿಜವಾದ ತಪ್ಪು. ನಂಬಿಕೆ ಬದಲಾದದ್ದು ತಪ್ಪಲ್ಲದಿರಬಹುದು. ಬದಲಿಸಿದ ರೀತಿಯಲ್ಲಿ ತಪ್ಪಿರಬಹುದು. ಮನೆಯವರಿಗೆ ಸುಳ್ಳು ಹೇಳಿದ್ದು, ನಂಬಿದ ಹೆಂಡತಿಗೆ ಮುಚ್ಚಿಟ್ಟದ್ದು, ನಂಬಿಕೆಯೇ ಇಲ್ಲದೆ ಲಾಭಕ್ಕಾಗಿಯೋ ಮದುವೆಗಾಗಿಯೋ ಹೆಸರು ಬದಲಿಸಿದ್ದು. ಮದುವೆಗಾಗಿ ಯಾರೂ ಮತ ಬಿಡಬೇಕಾಗಿಲ್ಲ. ಅವರವರ ಮತದಲ್ಲಿದ್ದುಕೊಂಡೇ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯಿದೆಯಿದೆ. ಇಂಥ ತಪ್ಪುಗಳಿಗಾಗಿ ಮನಸ್ಸು ಚುಚ್ಚಿದರೆ ಅದನ್ನು ಸುಮ್ಮನಾಗಿಸಬಾರದು. ಹೋಗಿ ಕ್ಷಮೆ ಕೇಳಬೇಕು.

ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದರು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಹೆಂಡತಿ ಲಕ್ಷ್ಮೀಬಾಯಿ ಅದನ್ನು ಒಪ್ಪಲಿಲ್ಲ. ಗಂಡಹೆಂಡಿರು ಕೆಲವು ವರ್ಷ ಅಗಲಿಯೇ ಇದ್ದರು. ಆಕೆಯ ದುಃಖ ಎಷ್ಟಿತ್ತೆಂಬುದನ್ನು ಆಕೆಯೇ ಬರೆದ 'ಸ್ಮೃತಿಚಿತ್ರೆ' ಎಂಬ ಆತ್ಮಕಥೆಯಲ್ಲಿ ಕಾಣಬಹುದು. ಮತ್ತೆ ಒಂದೇ ಮನೆಗೆ ಬಂದ ಮೇಲೂ ಆಕೆ ಕೆಲಕಾಲ ತನ್ನ ಮಡಿಯನ್ನು ಬಿಟ್ಟಿರಲಿಲ್ಲ. ಕೊನೆಗೆ ಆಕೆಯೂ ಕ್ರೈಸ್ತಳಾದಳು. ಆದರೆ ನನಗೆ ಮುಖ್ಯವಾಗಿ ಕಾಣುವುದು ಅದಲ್ಲ. ಇಬ್ಬರ ನಂಬಿಕೆ ಎರಡಾಗಿದ್ದಾಗಲೂ ಒಂದು ಸೂರಿನ ಕೆಳಗೆ ಬಾಳಲು ಸಾಧ್ಯವಾಯಿತಲ್ಲ, ಅದು. ಟಿಳಕರು ಹಿಂದಿನದನ್ನು ಸುಟ್ಟು ಬರಲೂ ಇಲ್ಲ. ತುಕಾರಾಮನ ಅಭಂಗಗಳೇ ತಮಗೆ ಸೇತುವೆಯಾದವೆಂದು ಹೇಳಿಕೊಂಡು, ಅದೇ ಅಭಂಗದ ಮಟ್ಟಿನಲ್ಲಿ ಕ್ರಿಸ್ತನನ್ನು ಹಾಡಿದರು.

ಹಳೆಯ ಮನೆಯಲ್ಲಿ ಉಳಿದವರಿಗೂ ಒಂದು ಮಾತು. ಹೋದವನ ಅಳುಕನ್ನು ಹಗ್ಗ ಮಾಡಿ ಎಳೆಯಬೇಡಿ. "ನಿನ್ನಿಂದಲೇ ಅಪ್ಪ ಕೊರಗಿ ಸತ್ತ" ಎಂಬ ಒಂದು ಮಾತು ಸಾಕು, ಒಬ್ಬನ ಬಾಳನ್ನು ಕಹಿ ಮಾಡಲು. ಹಾಗೆ ಎಳೆದು ತಂದವನು ದೇಹದಿಂದ ಬಂದಾನು, ಮನಸ್ಸಿನಿಂದ ಬರಲಾರ. ಹೊಸ ಮತದವರೂ ಅಷ್ಟೇ. ತಾಯಿಯ ಮನೆಗೆ ಹೋಗುವುದೇ ಪಾಪವೆಂದು ಹೊಸಬನನ್ನು ಹೆದರಿಸಬಾರದು.

ಈಗ ನನ್ನ ಗೆಳೆಯರ ಸಂಗತಿ ಹೇಳಿ ಮುಗಿಸುತ್ತೇನೆ. ಮುಂದಿನ ಕೊನೆಕೊಯ್ಲಿನ ಹೊತ್ತಿಗೆ ಅವರು ರಜೆ ಹಾಕಿ ಊರಿಗೆ ಹೋದರು. ಮತ ಬದಲಿಸಿದ ಮೇಲೆ ಮೊದಲ ಸಲ. ತಮ್ಮನ ಜೊತೆ ತೋಟಕ್ಕೆ ಇಳಿದರು, ಕೊನೆ ಹೊತ್ತರು. ಅಂದು ಹೇಳದೆ ಹೋದದ್ದಕ್ಕೆ ತಾಯಿಯ ಕ್ಷಮೆ ಕೇಳಿದರು, ನಂಬಿದ್ದಕ್ಕೆ ಕೇಳಲಿಲ್ಲ. ತಾಯಿ ಏನೂ ಹೇಳದೆ ಒಳಗೆ ಹೋದರಂತೆ. ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದಾಗ ಬಾಗಿಲಿಗೆ ಬಂದು, "ತಮಾ, ಬಾಳೆ ಹಾಕಿದ್ದಿ, ಊಟಕ್ಕೆ ಬಾ" ಎಂದರು. ಬಾಳೆ ಹಾಕಿದ್ದು ಎಲ್ಲರ ಪಂಕ್ತಿಯಲ್ಲಲ್ಲ, ಸ್ವಲ್ಪ ದೂರದಲ್ಲಿ. ಆದರೆ ತಾಯಿಯೂ ತಮ್ಮ ಬಾಳೆಯನ್ನು ಅದರ ಎದುರಿಗೇ ಹಾಕಿಕೊಂಡಿದ್ದರು.

ಮಹಾಲಯ ಅಮಾವಾಸ್ಯೆ ಇಂದಿಗೂ ಅವರಿಗೆ ಭಾರವಾದ ದಿನವೇ. ಅಂದು ಬೆಳಿಗ್ಗೆ ಅವರು ತಮ್ಮ ರೀತಿಯಲ್ಲಿ ತಂದೆಗಾಗಿ ಪ್ರಾರ್ಥಿಸುತ್ತಾರೆ. ಸಂಜೆ ತಾಯಿಗೆ ಫೋನು ಮಾಡುತ್ತಾರೆ. ಅನ್ನ ಗಂಟಲಲ್ಲಿ ಇಳಿಯುತ್ತದೆಯೇ ಎಂದು ಮೊನ್ನೆ ಕೇಳಿದೆ. "ನಿಧಾನವಾಗಿ ಇಳಿಯುತ್ತದೆ" ಎಂದರು.