ದಿನಕ್ಕೆ 3,600 ರೂಪಾಯಿ: ಕಾಂಟ್ರ್ಯಾಕ್ಟ್ ಆಫರ್ ನಿಜಕ್ಕೂ ದೊಡ್ಡದಾ?

 

ಇವತ್ತಿನ ವಿಷಯ ನೆಟ್‌ವರ್ಕಿಂಗ್ ಕೆಲಸ. ಸಿಸಿಎನ್‌ಎ ಆಗಿದೆ, ಮೂರು ವರ್ಷ ಅನುಭವ ಇದೆ, ಬೆಂಗಳೂರಲ್ಲಿ ಕೈಯಲ್ಲಿ ಎರಡು ಆಫರ್ ಇದೆ ಅಂದ್ಕೊಳ್ಳಿ. ಒಂದು ಪರ್ಮನೆಂಟ್, ವರ್ಷಕ್ಕೆ 9 ಲಕ್ಷ ಸಿಟಿಸಿ. ಇನ್ನೊಂದು ಕಾಂಟ್ರ್ಯಾಕ್ಟ್, ದಿನಕ್ಕೆ 3,600. ಈ ಅಂಕಿಗಳು ಲೆಕ್ಕಕ್ಕೆ ಅಂತ ನಾನೇ ಇಟ್ಟುಕೊಂಡಿದ್ದು. ನಿಮ್ಮ ಲೆಟರ್‌ನಲ್ಲಿರೋದನ್ನ ಹಾಕ್ಕೊಳ್ಳಿ. ನಾನು ಬಿಕಾಂ, ರೂಟರ್ ಕಾನ್ಫಿಗರ್ ಮಾಡೋಕೆ ಬರಲ್ಲ, ಗುಣಾಕಾರ ಬರುತ್ತೆ.

ಶನಿವಾರ, ಭಾನುವಾರ ಬಿಟ್ರೆ ವರ್ಷಕ್ಕೆ ಸುಮಾರು 261 ದಿನ. 3,600ರಿಂದ ಗುಣಿಸಿದ್ರೆ 9.4 ಲಕ್ಷ. 40 ಸಾವಿರ ಜಾಸ್ತಿ ಅಲ್ವಾ ಅನ್ಸುತ್ತೆ. ಆದ್ರೆ ಇಲ್ಲಿ ಕೆಲಸ ಮಾಡಿದ ದಿನಕ್ಕೆ ಮಾತ್ರ ದುಡ್ಡು. ದಸರಾ, ದೀಪಾವಳಿ, ಜ್ವರ, ತಂಗಿ ಮದುವೆ ಎಲ್ಲಾ ಸೇರಿ 28 ದಿನ ತೆಗೀರಿ. ಉಳಿದಿದ್ದು 233 ದಿನ, 8.39 ಲಕ್ಷ. ಪರ್ಮನೆಂಟ್‌ನವರಿಗೆ ಈ ರಜೆಗೆಲ್ಲ ಸಂಬಳ ಇರುತ್ತೆ. ಇನ್ನು ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗೋ ಮಧ್ಯೆ ಒಂದು ತಿಂಗಳು ಖಾಲಿ ಕೂತ್ರೆ? 211 ದಿನ, 7.6 ಲಕ್ಷ. 9 ಲಕ್ಷಕ್ಕೆ ಸಮ ಆಗ್ಬೇಕಂದ್ರೆ ದಿನಕ್ಕೆ 4,265 ಬೇಕು. ಅಪ್ಪ-ಅಮ್ಮನ ಹೆಲ್ತ್ ಇನ್ಶೂರೆನ್ಸ್ ಕೂಡ ನೀವೇ ಕಟ್ಟೋದು. ನಾನಾದ್ರೆ 4,500ಕ್ಕಿಂತ ಕೆಳಗೆ ಮಾತೇ ಆಡಲ್ಲ.

ಸಿಟಿಸಿ ಕೂಡ ಸತ್ಯಹರಿಶ್ಚಂದ್ರ ಏನಲ್ಲ. ಕಂಪನಿ ಕಟ್ಟೋ ಪಿಎಫ್ ಅದರೊಳಗೇ ಸೇರಿರುತ್ತೆ. ಅದು ಹೋಗ್ಲಿ, ನಿಮ್ಮದೇ ದುಡ್ಡು. ವೇರಿಯಬಲ್ ಪೇ ಅಂತ ಬರೆದಿರೋದನ್ನ ಮಾತ್ರ ಕಳೆದು ಹೋಲಿಸಿ.

"ಕಾಂಟ್ರ್ಯಾಕ್ಟ್‌ನಲ್ಲಿ ಟ್ಯಾಕ್ಸ್ ಉಳಿಯುತ್ತೆ" ಅಂತ ಸೀನಿಯರ್ಸ್ ಹೇಳ್ತಾರೆ. ಸೆಕ್ಷನ್ 44ಎಡಿಎ ಪ್ರಕಾರ ಟೆಕ್ನಿಕಲ್ ಕನ್ಸಲ್ಟೆಂಟ್ ತನಗೆ ಬಂದ ಹಣದ ಅರ್ಧವನ್ನೇ ಲಾಭ ಅಂತ ತೋರಿಸಬಹುದಿತ್ತು, ನಿಜ. ಆದ್ರೆ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಟ್ಯಾಕ್ಸೇ ಇಲ್ಲ. 9 ಲಕ್ಷ ಸಂಬಳದವರೂ ಕಟ್ಟಲ್ಲ, ನೀವೂ ಕಟ್ಟಲ್ಲ. ಉಳಿತಾಯ ಎಲ್ಲಿ ಬಂತು? ಆ ಮಾತು 20, 25 ಲಕ್ಷದವರಿಗೆ ಸರಿ.

ಇನ್ನೊಂದು ಗೊಂದಲ. ನಮ್ಮಲ್ಲಿ ಕಾಂಟ್ರ್ಯಾಕ್ಟ್ ಅನ್ನೋದ್ರಲ್ಲಿ ಬಹಳಷ್ಟು ನಿಜಕ್ಕೂ ವೆಂಡರ್ ಪೇರೋಲ್. ಕೂರೋದು ಕ್ಲೈಂಟ್ ಆಫೀಸಲ್ಲಿ, ಸಂಬಳ ಕೊಡೋದು ಮಧ್ಯದವರು. ಕ್ಲೈಂಟ್ ಕೊಡೋ ದುಡ್ಡಲ್ಲಿ ಅವರ ಪಾಲು ಹೋಗಿ ಉಳಿದಿದ್ದು ನಿಮಗೆ. ಬಿಲ್ ರೇಟ್ ಎಷ್ಟು ಅಂತ ಕೇಳಿ. ಹೇಳಲ್ಲ, ಆದ್ರೂ ಕೇಳಿ. ಎರಡೂ ಕಡೆಯ ಪಿಎಫ್ ನಿಮ್ಮ ರೇಟಿಂದಲೇ ಕಟ್ ಆಗುತ್ತಾ ಅನ್ನೋದನ್ನಂತೂ ಬಿಡಬೇಡಿ.

ಹಾಗಂತ ಕಾಂಟ್ರ್ಯಾಕ್ಟ್ ಕೆಟ್ಟದ್ದಲ್ಲ. ಮೂರು ತಿಂಗಳ ಡೇಟಾ ಸೆಂಟರ್ ಮೈಗ್ರೇಶನ್, ಫೈರ್‌ವಾಲ್ ಬದಲಾವಣೆ, ಇಂಥದ್ದಕ್ಕೆ ಗೊತ್ತಿರೋರು ಕಡಿಮೆ ಇರ್ತಾರೆ, ಅಲ್ಲಿ ರೇಟ್ ಹೇಳೋರು ನೀವು. ಆದ್ರೆ ಎನ್‌ಒಸಿಯಲ್ಲಿ ಕೂತು ಅಲರ್ಟ್ ನೋಡೋ ಅದೇ ಶಿಫ್ಟ್ ಕೆಲಸಕ್ಕೆ ಹನ್ನೊಂದು ತಿಂಗಳ ಕಾಗದ ಕೊಟ್ರೆ, ಅದು ಪರ್ಮನೆಂಟ್ ಕೆಲಸವನ್ನೇ ಅಗ್ಗಕ್ಕೆ ಮಾಡಿಸ್ಕೊಳ್ಳೋದು.

ಒಪ್ಪೋದಾದ್ರೆ ಎರಡು ಸಾಲು ಬರೆಸ್ಕೊಳ್ಳಿ. ಶನಿವಾರ ಮಧ್ಯರಾತ್ರಿ ಕಟ್‌ಓವರ್ ಇದ್ರೆ ಅದಕ್ಕೆ ಬೇರೆ ದುಡ್ಡು. ಇನ್‌ವಾಯ್ಸ್ ಕೊಟ್ಟು ಎಷ್ಟು ದಿನದೊಳಗೆ ಹಣ ಬರುತ್ತೆ ಅನ್ನೋದು. ನೋಟಿಸ್ ಅವರಿಗೆ ಒಂದು ವಾರ, ನಿಮಗೆ ಒಂದು ತಿಂಗಳು ಅಂತಿದ್ರೆ, ಸೈನ್ ಮಾಡೋಕೆ ಮುಂಚೆ ಫೋನ್ ಎತ್ತಿ ಕೇಳಿ.