ಏರ್ ಫಿಲ್ಟರ್‌ಗೆ ಗಾಳಿ ಹೊಡೆಸಿದ್ರೆ ಸಾಕಾ? ನಮ್ಮ ಮನೆ ಕಟ್ಟಿದ ಫೀಸಿನ ಕಥೆ

ಇವತ್ತಿನ ವಿಷಯ ಬೆಲೆಯಲ್ಲಿ ಸಣ್ಣದು: ಕಾರಿನ ಎಂಜಿನ್ ಏರ್ ಫಿಲ್ಟರ್. ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ ಓದಿದವನು. ಆದ್ರೆ ಈ ಪಾಠಕ್ಕೆ ನಮ್ಮ ಮನೆಯವರು ಫೀಸ್ ಕಟ್ಟಿದ್ದೀವಿ. ನೀವು ಕಟ್ಟೋದು ಬೇಡ ಅಂತ ಹೇಳ್ತಿದೀನಿ.

ನಮ್ಮೂರು ಸಂಡೂರು ಕಡೆ. ಅದಿರಿನ ಲಾರಿ ಓಡಾಡೋ ರಸ್ತೆ ನೋಡಿದವರಿಗೆ ಗೊತ್ತು, ಬೇಸಿಗೆಯಲ್ಲಿ ಅಲ್ಲಿ ಗಿಡದ ಎಲೆ ಕೂಡ ಕೆಂಪು. ಅಪ್ಪ ಒಂದು ಹಳೇ ಡೀಸೆಲ್ ಕಾರನ್ನ ಬಾಡಿಗೆಗೆ ಓಡಿಸ್ತಿದ್ರು. ಹೊಸಪೇಟೆ, ತೋರಣಗಲ್ಲು, ಬಳ್ಳಾರಿ. ಮನೆ ನಡೀತಿದ್ದದ್ದು ಅದರಿಂದಲೇ. ಧೂಳು ಜಾಸ್ತಿ ಅಂತ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆಸಿ ಗಾಳಿ ಹೊಡೆಸ್ತಿದ್ರು. ಟೈರಿಗೆ ಹೊಡೆಯೋ ಅದೇ ಕಂಪ್ರೆಸರ್ ಗಾಳಿ. ಒಮ್ಮೆ ಅಪ್ಪ ಫೋನ್ ಮಾಡಿ, "ಹೊಸಾದು ಹಾಕಿಸ್ಲೇನಪ್ಪಾ?" ಅಂತ ಕೇಳಿದ್ರು. ಮನೆ ಲೆಕ್ಕ ನೋಡೋನು ನಾನು. "ಗಾಳಿ ಹೊಡೆಸಿದ್ರೆ ಸಾಕಲ್ಲಪ್ಪಾ, ಯಾಕೆ ಸುಮ್ನೆ ಖರ್ಚು" ಅಂದೆ.

ಕೆಲವು ತಿಂಗಳಲ್ಲಿ ಕಾರು ಎಂಜಿನ್ ಆಯಿಲ್ ಕುಡಿಯೋಕೆ ಶುರು ಮಾಡ್ತು. ಹಿಂದೆ ನೀಲಿ ಹೊಗೆ. ಮೇಸ್ತ್ರಿ ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬೆರಳು ಹಾಕಿ ತೆಗೆದು ತೋರಿಸಿದ್ರು. ಬೆರಳ ತುದಿ ಕೆಂಪು. ಫಿಲ್ಟರ್ ಕಾಗದದ ಮಡಿಕೆಯಲ್ಲಿ ಅಕ್ಕಿಕಾಳಿನಷ್ಟು ಸೀಳು. ಅಷ್ಟರಿಂದ ನುಗ್ಗಿದ ಧೂಳು ಪಿಸ್ಟನ್ ರಿಂಗುಗಳನ್ನ ಸವೆಸಿತ್ತು. ಎಂಜಿನ್ ಕೆಲಸಕ್ಕೆ 52 ಸಾವಿರ, ಕಾರು ನಿಂತ 19 ದಿನದ ಬಾಡಿಗೆ ಬೇರೆ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿದ್ದು.

ಈಗ ವಿಷಯಕ್ಕೆ ಬರೋಣ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಕಿಲೋ ಗಾಳಿ ಬೇಕು. ಅಂದ್ರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಡೀಸೆಲ್ ಎಂಜಿನ್ ಅದಕ್ಕಿಂತ ಹೆಚ್ಚೇ ಎಳೆಯುತ್ತೆ. ಅಷ್ಟೂ ಗಾಳಿಯನ್ನ ಸೋಸೋದು ಆ ಒಂದು ಕಾಗದ.

"ಫಿಲ್ಟರ್ ಕೊಳಕಾದ್ರೆ ಮೈಲೇಜ್ ಬಿದ್ದೋಗುತ್ತೆ" ಅಂತ ಎಲ್ಲರೂ ಹೇಳ್ತಾರೆ. ಕಾರ್ಬ್ಯುರೇಟರ್ ಕಾಲಕ್ಕೆ ಆ ಮಾತು ಸರಿ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನ ಪರೀಕ್ಷೆ ಮಾಡ್ತು. ಕಂಪ್ಯೂಟರ್ ಹಿಡಿತದಲ್ಲಿರೋ ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಮೈಲೇಜ್ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ, ಪಿಕಪ್ ಮಾತ್ರ ಕುಗ್ಗಿತು. ಹಾಗಾಗಿ ಮೈಲೇಜ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಫಿಲ್ಟರ್ ಚೆನ್ನಾಗಿದೆ ಅಂತ ಅಂದುಕೊಳ್ಳಬೇಡಿ.

ಇನ್ನೊಂದು ಮಾತು ಕೇಳಿದ್ರೆ ಆಶ್ಚರ್ಯ ಆಗಬಹುದು. ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತೆ, ಯಾಕಂದ್ರೆ ಕೂತ ಧೂಳೇ ಸಣ್ಣ ಧೂಳನ್ನ ತಡೆಯುತ್ತೆ. ಪೂರ್ತಿ ಕಟ್ಟಿಕೊಂಡಾಗ ಮಾತ್ರ ಉಸಿರು ಕಟ್ಟೋದು. ಕೊಳಕು ಫಿಲ್ಟರ್‌ಗಿಂತ ಹರಿದ ಫಿಲ್ಟರ್, ಸರಿಯಾಗಿ ಕೂರದ ಫಿಲ್ಟರ್ ಅಪಾಯ. ಪದೇ ಪದೇ ಜೋರು ಗಾಳಿ ಹೊಡೆಸೋದು, ಕಾಗದದ ಫಿಲ್ಟರನ್ನ ನೀರಲ್ಲಿ ತೊಳೆಯೋದು, ನೆಲಕ್ಕೆ ಬಡಿಯೋದು ಬೇಡ.

ಹಾಗಾದ್ರೆ ಯಾವಾಗ ಬದಲಾಯಿಸಬೇಕು? ಮ್ಯಾನ್ಯುಯಲ್‌ನಲ್ಲಿ ಎಷ್ಟು ಕಿಲೋಮೀಟರಿಗೆ ಅಂತ ಬರೆದಿರ್ತಾರೆ. ಧೂಳಿನ ರಸ್ತೆಗೆ ಬೇರೆ, ಬೇಗನೇ ಬದಲಾಯಿಸೋ ಲೆಕ್ಕ ಇರುತ್ತೆ. ಕ್ವಾರಿ, ಗಣಿ, ಮಣ್ಣಿನ ರಸ್ತೆಯವರು ಅದನ್ನೇ ನೋಡಿ. ಫಿಲ್ಟರ್ ಹಿಂದೆ ಟಾರ್ಚ್ ಹಿಡಿದು ನೋಡಿ. ಬೆಳಕು ಎಲ್ಲೂ ಮಂದವಾಗಿಯೂ ಕಾಣದಿದ್ರೆ ಕಟ್ಟಿದೆ, ಒಂದು ಕಡೆ ಮಾತ್ರ ಚುಕ್ಕಿಯಂತೆ ಹೊಳೆದ್ರೆ ಹರಿದಿದೆ. ಎರಡಕ್ಕೂ ಹೊಸದೇ ಬೇಕು.

ಕೊಳ್ಳುವಾಗ ಕಾರಿನ ಹೆಸರು ಹೇಳಿದ್ರೆ ಸಾಲದು. ಪೆಟ್ರೋಲಾ ಡೀಸೆಲ್ಲಾ, ಯಾವ ವರ್ಷದ್ದು, ಪಾರ್ಟ್ ನಂಬರ್ ಏನು, ಎಲ್ಲ ಹೇಳಿ. ಹಳೇದನ್ನ ಜೊತೆಗೆ ಒಯ್ದು ಉದ್ದ, ಅಗಲ, ಎತ್ತರ ಹೋಲಿಸಿ. ಸುತ್ತಲಿನ ರಬ್ಬರ್ ಅಂಚು ಮೆತ್ತಗೆ, ಸಮವಾಗಿ ಇರಬೇಕು. ಕಾರ್ ಕಂಪನಿಯದ್ದೇ ಆಗಬೇಕು ಅಂತಿಲ್ಲ, ಹೆಸರುವಾಸಿ ಫಿಲ್ಟರ್ ಕಂಪನಿಯದ್ದೂ ನಡೆಯುತ್ತೆ. ಬಿಲ್ ಮಾತ್ರ ಬಿಡಬೇಡಿ. ಎಣ್ಣೆ ಹಚ್ಚಿದ ಹತ್ತಿಯ, ತೊಳೆದು ಬಳಸೋ ಫಿಲ್ಟರ್‌ಗಳೂ ಸಿಗುತ್ತವೆ. ಎಣ್ಣೆ ಜಾಸ್ತಿಯಾದ್ರೆ ಗಾಳಿ ಅಳೆಯೋ ಸೆನ್ಸರ್ ಹಾಳಾಗಬಹುದು. ದಿನನಿತ್ಯದ ಕಾರಿಗೆ ಕಾಗದದ್ದೇ ಸಾಕು.

ಹಾಕೋದು ಹತ್ತು ನಿಮಿಷದ ಕೆಲಸ. ಎಂಜಿನ್ ಆಫ್ ಮಾಡಿ, ತಣ್ಣಗಾಗಲಿ. ಬಾನೆಟ್ ಒಳಗೆ ದಪ್ಪ ಪೈಪಿಗೆ ಸೇರಿದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತೆ. ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ. ಸೆನ್ಸರ್ ವೈರ್ ಎಳೀಬೇಡಿ. ಹಳೇದು ಯಾವ ಕಡೆ ಮುಖ ಮಾಡಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಡಬ್ಬಿಯ ಧೂಳನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಎಂಜಿನ್ ಕಡೆ ಬೀಳದ ಹಾಗೆ. ಆ ಕಡೆಯ ಪೈಪನ್ನ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಧೂಳು ಹತ್ತಿದ್ರೆ ಎಲ್ಲೋ ಸೋರ್ತಿದೆ, ಮೇಸ್ತ್ರಿಗೆ ತೋರಿಸಿ. ಹೊಸದನ್ನ ಸುತ್ತಲೂ ಒತ್ತಿ ಕೂರಿಸಿ, ಎಲ್ಲ ಕ್ಲಿಪ್ ಹಾಕಿ.

ಕೊನೆಗೆ ಕಾಮರ್ಸ್‌ನವನ ಒಂದು ಅಭ್ಯಾಸ. ಹೊಸ ಫಿಲ್ಟರ್ ಅಂಚಿನ ಮೇಲೆ ಮಾರ್ಕರ್‌ನಲ್ಲಿ ದಿನಾಂಕ, ಕಿಲೋಮೀಟರ್ ಬರೀರಿ. ಮುಂದೆ ಯಾರಾದ್ರೂ "ಬದಲಾಯಿಸಿದೀವಿ ಸರ್" ಅಂದ್ರೆ ಡಬ್ಬಿ ತೆರೆಸಿ ನೋಡಬಹುದು. ಎಸಿ ಫಿಲ್ಟರ್ ಬೇರೆ, ಎಂಜಿನ್ ಫಿಲ್ಟರ್ ಬೇರೆ. ಬಿಲ್‌ನಲ್ಲಿ ಯಾವುದು ಅಂತ ಕೇಳಿ.

ಅಪ್ಪನ ಕಾರು ಈಗಲೂ ಓಡ್ತಿದೆ. ಫಿಲ್ಟರ್ ಮೇಲಿನ ದಿನಾಂಕ ಅಪ್ಪನ ಅಕ್ಷರದ್ದು. ಖರ್ಚಿನ ಬಗ್ಗೆ ಈಗ ಅವರು ನನ್ನ ಕೇಳೋದಿಲ್ಲ, ಹಾಕಿಸಿ ಬಿಲ್ ಕಳಿಸ್ತಾರೆ. ನಾನು ಸುಮ್ನೆ ಬರ್ಕೋತೀನಿ.

ಈ ಭಾನುವಾರ ಒಮ್ಮೆ ಬಾನೆಟ್ ತೆರೆದು ನೋಡಿ.